ಡೆಲ್ಫ್ಟ್‌ನಲ್ಲಿ ಯಂತ್ರ ನಿಂತ ವಾರ

ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನ ಒಂದು ಪ್ರಯೋಗಾಲಯದ ಕ್ವಾಂಟಂ ಕಂಪ್ಯೂಟರಿಗೆ ಮುನಿಸು ಹೆಚ್ಚು. ಬೆಳಗಾಗುವಷ್ಟರಲ್ಲಿ ಅದರ ಶ್ರುತಿ ತಪ್ಪಿರುತ್ತಿತ್ತು. ಮೊದಲೆಲ್ಲ ಅಲ್ಲಿನ ಎಂಜಿನಿಯರ್ ವಿಟ್ಸ್ಕೆ ಮತ್ತು ಅವಳ ಜೊತೆಯವರು ದಿನವಿಡೀ ಕೂತು ಅದರ ಲೆಕ್ಕದ ಮೂಲ ಘಟಕವಾದ ಕ್ಯೂಬಿಟ್ಟನ್ನು ಒಂದೊಂದಾಗಿ ಕೈಯಾರೆ ಹದಕ್ಕೆ ತರುತ್ತಿದ್ದರು. ಆಮೇಲೆ ಅಮೆರಿಕದ ಕಂಪನಿಯೊಂದರ ತಂತ್ರಾಂಶ ಬಂತು. ಇವರು ಸೈಕಲ್ ನಿಲ್ಲಿಸಿ ಕಾಫಿ ಕುಡಿಯುವುದರೊಳಗೆ ಯಂತ್ರ ತಾನಾಗಿಯೇ ಸಜ್ಜಾಗಿರುತ್ತಿತ್ತು. ಕೈಕೆಲಸ ಎಲ್ಲರಿಗೂ ಮರೆತೇ ಹೋಯಿತು.

ಆ ಸೋಮವಾರ ಯಂತ್ರ ಸಜ್ಜಾಗಿರಲಿಲ್ಲ. ತಮ್ಮ ಸರ್ಕಾರದ ಹೊಸ ನಿಯಮದಂತೆ ಯುರೋಪಿಗೆ ಸೇವೆ ನಿಲ್ಲಿಸಿದ್ದೇವೆ ಎಂದು ಕಂಪನಿ ತಿಳಿಸಿತ್ತು, ಅಷ್ಟೆ.

ಗುರುವಾರ ಸರ್ಕಾರ ಕೂರುವ ಹೇಗ್‌ನಿಂದ ಮಂತ್ರಿ ಬರುವವರಿದ್ದರು. ಯುರೋಪ್ ಇನ್ನು ಯಾರ ಹಂಗಿನಲ್ಲೂ ಇಲ್ಲ ಎಂದು ತೋರಿಸುವುದಕ್ಕೇ ಆ ಭೇಟಿ. ಯಂತ್ರವೆಲ್ಲ ನಮ್ಮದೇ ಎಂದು ಮುಖ್ಯಸ್ಥ ರುಟ್ಗರ್ ಎಲ್ಲ ಕಡೆ ಹೇಳಿಕೊಂಡು ಬಂದಿದ್ದ.

"ಹಳೇ ಫಲಿತಾಂಶಾನೇ ಪರದೆ ಮೇಲೆ ಓಡಿಸೋಣ," ಎಂದ ಅವನು. "ಅವರಿಗೇನು ಗೊತ್ತಾಗುತ್ತೆ? ಕೈ ಕುಲುಕಿ, ಫೋಟೋ ತೆಗೆಸ್ಕೊಂಡು ಹೋಗ್ತಾರೆ."

"ಏನಾದ್ರೂ ಕೇಳಿದ್ರೆ?" ಎಂದಳು ವಿಟ್ಸ್ಕೆ.

"ನಕ್ಕುಬಿಡು. ನಿಮ್ಮ ಫ್ರೀಸ್‌ಲ್ಯಾಂಡ್ ಕಡೆಯವರಿಗೆ ನಗೋದೊಂದು ಬರಲ್ಲ ನೋಡು!"

ವಿಟ್ಸ್ಕೆಗೆ ನಗು ಬರಲಿಲ್ಲ. ನಿಜ ಹೊರಬಿದ್ದರೆ ಯಾರ ಕುತ್ತಿಗೆಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಪಕ್ಕದ ಮೇಜಿನ ಗೆಳೆಯ ಬಾರ್ಟೆಲ್‌ನ ಕರಾರು ಅದೇ ತಿಂಗಳು ಮುಗಿಯುವುದರಲ್ಲಿತ್ತು.

ಮಂತ್ರಿ ಬಂದರು. ಪರದೆಯನ್ನು ಸುಮ್ಮನೆ ನೋಡಿದರು. ಆಮೇಲೆ ವಿಟ್ಸ್ಕೆಯ ಕಡೆ ತಿರುಗಿ, "ಒಂದು ಮಾತು ಹೇಳಿ. ಹೊರಗಿನವರು ಮನಸ್ಸು ಮಾಡಿದ್ರೆ ಇದನ್ನ ನಿಲ್ಲಿಸೋಕಾಗುತ್ತಾ?" ಎಂದರು.

ರುಟ್ಗರ್ ಬಾಯಿ ತೆರೆಯುವ ಮೊದಲೇ ಅವಳೆಂದಳು: "ಆಗ್ಲೇ ನಿಲ್ಲಿಸಿದ್ದಾರೆ, ಮೇಡಂ. ನೀವು ನೋಡ್ತಿರೋದು ಹೋದ ತಿಂಗಳದ್ದು."

ಯಾರೂ ಕೂಗಾಡಲಿಲ್ಲ. ಮಂತ್ರಿ ಕೋಟು ಕೇಳಿ ಪಡೆದು ಹೊರಟರು. ರುಟ್ಗರ್ ಕೆಲಸ ಬಿಡಬೇಕಾಯಿತು. ತನಿಖೆ ಮುಗಿಯುವವರೆಗೆ ನೇಮಕಾತಿಯೆಲ್ಲ ಸ್ಥಗಿತವಾದ್ದರಿಂದ ಬಾರ್ಟೆಲ್‌ನನ್ನು ಉಳಿಸಿಕೊಳ್ಳಲಿಲ್ಲ.

"ಒಂದು ವಾರ ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದ ಅವನು, ತನ್ನ ಸಾಮಾನು ಡಬ್ಬಕ್ಕೆ ತುಂಬುತ್ತ.

"ಆ ಸುಳ್ಳನ್ನ ಎಷ್ಟು ದಿನ ಎಳೀಬೇಕಿತ್ತು, ಬಾರ್ಟೆಲ್?"

ಅವನು ಡಬ್ಬದ ಬಾಯಿ ಮಡಚಿ ಟೇಪು ಅಂಟಿಸಿದ.

ಉಳಿದವರು ಮತ್ತೆ ಕೈಯಾರೆ ಶ್ರುತಿಗೆ ಕೂತರು. ಊಟದ ಹೊತ್ತಿಗೆ ಅವಳ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಚೀಸ್ ಬ್ರೆಡ್ಡು ಒಬ್ಬಳೇ ತಿಂದು, ಅವಳು ಹೊಸ ತಂತ್ರಾಂಶ ಬರೆಯತೊಡಗಿದಳು. ವಸಂತದ ಹೊತ್ತಿಗೆ ಅದು ಕೆಲವೇ ಕ್ಯೂಬಿಟ್‌ಗಳನ್ನು ಹದಕ್ಕೆ ತಂದು ಹಿಡಿದಿಟ್ಟಿತು.

ಈಗ ಲೈಡನ್ನಿನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದ ಬಾರ್ಟೆಲ್‌ಗೆ ಫೋನ್ ಮಾಡಿದಳು.

"ಮಧ್ಯಾಹ್ನದವರೆಗೆ ಶ್ರುತಿ ನಿಲ್ಲುತ್ತೆ ಕಣೋ. ತಂತ್ರಾಂಶ ಪೂರ್ತಿ ನಮ್ಮದೇ."

"ಒಳ್ಳೇದಾಯ್ತು," ಎಂದ ಅವನು. "ಬೆಲ್ ಹೊಡೀತು, ಕ್ಲಾಸಿದೆ."