ಕೂತ್ಕೊಳ್ಳಿ ಸಾಹೇಬರೇ

ತಣ್ಣಗಿದೆ, ಹತ್ತಿಯಲ್ಲಿ ಉಜ್ಜಿದ ಜಾಗ, ಎಡ ರಟ್ಟೆಯ ಮೇಲೆ ಕೋಟಿನ ಗುಂಡಿಯಷ್ಟಗಲ, ಈಗ ಚುಚ್ಚುತ್ತಾರೆ ಈಗ ಚುಚ್ಚುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ಕೂತರೆ ಸೂಜಿ ಬರಲೇ ಇಲ್ಲ, ಒಳಗೆ ಫೋನು ಬಡಿದುಕೊಂಡಿತು, ಒಂದ್ನಿಮಿಷ ಇರಿ, ನಾಯಿದೊಡ್ಡಿಯವರೇ ಇರ್ಬೇಕು, ಎನ್ನುತ್ತ ನರ್ಸಮ್ಮ ಎದ್ದು ಹೋದರು — ನರ್ಸಮ್ಮ ಎನ್ನುವುದು ನನ್ನ ಮನಸ್ಸಿನೊಳಗೆ ಮಾತ್ರ, ಹೊರಗೆ ಬಾಯಿಬಿಟ್ಟರೆ ಈ ದೇಶದ ಭಾಷೆಯ ಹರಕುಮುರುಕು ನಾಲ್ಕು ಮಾತು, ಒಂಬತ್ತು ವರ್ಷವಾದರೂ ಅಷ್ಟೇ, ಆದರೆ ಇವರೆಲ್ಲ ಆಡಿದ್ದು ನನ್ನೊಳಗೆ ಇಳಿಯುವಾಗ ಅದು ಹೇಗೋ ಕನ್ನಡವಾಗಿಯೇ ಇಳಿಯುತ್ತದೆ. ಗಡಿಯಾರದಲ್ಲಿ ಮೂರು ಹತ್ತು. ಕಚ್ಚಿ ಹದಿನಾಲ್ಕು ದಿನ, ಇದು ನಾಲ್ಕನೇ ಸೂಜಿ. ಮೇಜಿನ ಮೇಲೆ ನನ್ನ ಹಾಳೆ ಬಿದ್ದಿದೆ, ಫ್ಯಾನಿನ ಗಾಳಿಗೆ ಮೂಲೆ ಎದ್ದೆದ್ದು ಬೀಳುತ್ತಿದೆ, ನಾಯಿಯನ್ನು ಕೆಣಕಿದ್ದಿರಾ ಎನ್ನುವ ಸಾಲು, ಅದರ ಮುಂದೆ ಇಲ್ಲ ಎಂದು ನನ್ನ ಕೈಯಲ್ಲೇ ಹಾಕಿದ ಗುರುತು, ಎಷ್ಟು ಒತ್ತಿ ಹಾಕಿದ್ದೇನೆಂದರೆ ಕಾಗದ ಹರಿಯುವಂತಾಗಿದೆ, ಸುಳ್ಳಿಗೆ ಯಾಕಪ್ಪ ಅಷ್ಟು ಭಾರ. ಇದ್ದಕ್ಕಿದ್ದಂತೆ ಮೀನಖಂಡ ತುರಿಸುತ್ತದೆ. ಗಾಯ ಮಾಗುವಾಗ ತುರಿಸುತ್ತದಂತೆ, ಕೆರೆಯಬಾರದಂತೆ, ನಾಲ್ಕು ಹಲ್ಲಿನ ಗುರುತು, ಮೇಲೆರಡು ಕೆಳಗೆರಡು, ಅಚ್ಚುಕಟ್ಟಾಗಿ ಇದೆ, ಸಾಹೇಬರು ಯಾವುದನ್ನೂ ಅಡ್ಡಾದಿಡ್ಡಿ ಮಾಡಿದವರಲ್ಲ.

ಸಾಹೇಬರು. ನಾನು ಇಸ್ತ್ರಿ ಮಾಡುವ ಲಾಂಡ್ರಿಯ ಹಿಂಬಾಗಿಲಲ್ಲಿ ಬಿಸಿನೀರು ಹರಿದು ಹೋಗುವ ಚರಂಡಿ, ಅದರ ಮೇಲೊಂದು ಕಬ್ಬಿಣದ ಜಾಲರಿ, ಅದು ಯಾವಾಗಲೂ ಬೆಚ್ಚಗಿರುತ್ತದೆ, ಅಲ್ಲಿ ಮೊದಲ ದಿನ ನೋಡಿದಾಗ ಯಾರೋ ಕಂದು ಬಟ್ಟೆಯ ಗಂಟು ಎಸೆದು ಹೋಗಿದ್ದಾರೆ ಎಂದುಕೊಂಡೆ, ಗಂಟಿಗೆ ಹರಿದ ಕಿವಿಯೊಂದು ಎದ್ದಿತು. ಮುಂದಿನ ಎಡಗಾಲು ಯಾವತ್ತೋ ಮುರಿದು ತನಗೆ ತೋಚಿದಂತೆ ಕೂಡಿಕೊಂಡದ್ದು, ಕೂತರೆ ಆ ಕಾಲು ನೆಲಕ್ಕೆ ತಾಗುವುದಿಲ್ಲ, ಎದೆಯ ಮುಂದೆ ಎತ್ತಿಕೊಂಡೇ ಇರುತ್ತದೆ, ಈಗಲ್ಲ ಆಮೇಲೆ ಬಾ ಎನ್ನುವ ಕಚೇರಿಯ ಸಾಹೇಬರ ಕೈಯ ಹಾಗೆ, ಅದಕ್ಕೇ ಸಾಹೇಬರು ಎಂದೆ, ಸಾಹೇಬರೆಂದ ಮೇಲೆ ಏಕವಚನ ಎಲ್ಲಿಂದ, ಬನ್ನಿ ಸಾಹೇಬರೇ, ಕೂತ್ಕೊಳ್ಳಿ ಸಾಹೇಬರೇ, ಊಟ ಆಯ್ತಾ, ಆಗಿಲ್ವಾ, ನಮ್ದೂ ಇನ್ನೇನು ಅಷ್ಟಕ್ಕಷ್ಟೇ. ಹಿಂಬಾಗಿಲಿಗೆ ಅಂಟಿಸಿದ್ದಾರೆ, ಬೀದಿ ಪ್ರಾಣಿಗಳಿಗೆ ತಿನ್ನಲು ಹಾಕಕೂಡದು, ಹಾಕಿದವರು ಕೆಲಸಕ್ಕೆ ಬರಬೇಕಾಗಿಲ್ಲ, ಆ ಕಾಗದಕ್ಕೆ ಬೆನ್ನು ಮಾಡಿ ಕೂತು ನನ್ನ ಬ್ರೆಡ್ಡಿನ ಅಂಚು ಮುರಿದು ಹಾಕುತ್ತಿದ್ದೆ. ಒಂದು ವರ್ಷ. ಇಸ್ತ್ರಿ ಮೇಜಿನ ಹತ್ತಿರ ದಿನವಿಡೀ ಹಬೆಯ ಸದ್ದು, ಮಾತಾಡಿದರೂ ಕೇಳುವುದಿಲ್ಲ, ರೂಮಿಗೆ ಹೋದರೆ ಜೊತೆಯವರ ಭಾಷೆ ಬೇರೆ, ಹಾಗಾಗಿ ಈ ಇಡೀ ಊರಿನಲ್ಲಿ ಕನ್ನಡ ತಿಳಿಯುವವರೆಂದರೆ ನಾನು ಮತ್ತು ಸಾಹೇಬರು, ಇಬ್ಬರೇ, ಬನ್ನಿ ಎಂದರೆ ಬರುತ್ತಿದ್ದರು, ಕೂತ್ಕೊಳ್ಳಿ ಎಂದರೆ ಎಲ್ಲಿದ್ದರೋ ಅಲ್ಲೇ ಕಾಲೆತ್ತಿ ಕೂರುತ್ತಿದ್ದರು. ಹೋಗಿ ಎನ್ನುವುದನ್ನು ಕಲಿಸಲಿಲ್ಲ. ಹೋಗಿ ಎಂದು ಯಾಕೆ ಹೇಳಲಿ, ಬರುವವರೇ ಅವರೊಬ್ಬರು. ಮಗಳಿಗೆ ಫೋನಿನಲ್ಲಿ ತೋರಿಸಿದ್ದೆ, ಅಪ್ಪಾ ಅದಕ್ಕೆ ಬಹುವಚನನಾ, ಅಮ್ಮಂಗೆ ಮಾತ್ರ ಏಕವಚನನಾ, ಎಂದು ಬಿದ್ದು ಬಿದ್ದು ನಕ್ಕಿದ್ದಳು.

ಮಗಳಿಗಾಗಿಯೇ ಅಲ್ಲವೇ ಎಂದು ಹೇಳಿಕೊಳ್ಳುತ್ತೇನೆ, ಹದಿನಾಲ್ಕು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ. ಹೆಂಡತಿಯ ಫೋನು, ಗಂಡಿನ ಕಡೇವ್ರು ನಿಮ್ಮನ್ನ ಒಂದ್ಸಲ ನೋಡ್ಬೇಕಂತೆ, ಫೋನಲ್ಲೇ ಸಾಕಂತೆ, ಆ ಬೆವರಿನ ಬನೀನಲ್ಲಿ ಬಂದು ನಿಂತ್ಕೋಬೇಡಿ ಮತ್ತೆ, ಮ್ಯಾನೇಜರು ಅಂತ ಹೇಳಿದೀವಿ. ಹೇಳಿದ್ದು ಅವಳಲ್ಲ, ನಾನೇ, ಹಿಂದಿನ ಸಲ ಊರಿಗೆ ಹೋದಾಗ ಷಡ್ಡಕನ ಎದುರು ಬಾಯಿ ತಪ್ಪಿ ಬಂದ ಮಾತು, ಅವನು ಎರಡನೇ ಮಹಡಿ ಕಟ್ಟಿಸಿದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ ತೋರಿಸುತ್ತಿದ್ದ, ನಾನೂ ಒಂದು ಮೆಟ್ಟಿಲು ಹತ್ತಿದೆ. ಅವರು ನೋಡುವ ದಿನ ಊಟದ ಬಿಡುವು, ಮೇಜಿನ ಮೇಲೆ ಗಿರಾಕಿ ವಕೀಲರೊಬ್ಬರ ನೀಲಿ ಸೂಟು ಆಗತಾನೆ ಮುಗಿದಿತ್ತು, ಇನ್ನೂ ಬಿಸಿ. ಕೋಟು ಮುಗಿದ ಮೇಲೆ ನಾನು ಒಂದು ಗಳಿಗೆ ಮೈಮೇಲೆ ಹಾಕಿ ನೋಡುತ್ತೇನೆ, ನನಗೆ ಕೆಲಸ ಕಲಿಸಿದ ದೊಡ್ಡಪ್ಪನ ಪದ್ಧತಿ ಅದು, ಮೇಜಿನ ಮೇಲೆ ಎಲ್ಲಾ ಕೋಟೂ ಚೆನ್ನಾಗೇ ಕಾಣುತ್ತೆ ಕಣೋ, ಹೆಗಲು ಎಲ್ಲಿ ಎಳೀತು ಅನ್ನೋದು ಮೈಮೇಲೇ ಗೊತ್ತಾಗೋದು, ಹಾಕು, ನೋಡು, ತೆಗಿ. ಹಾಕಿದೆ. ನೋಡಿದೆ. ಹೆಗಲು ಎಲ್ಲೂ ಎಳೆಯುತ್ತಿರಲಿಲ್ಲ, ನನ್ನ ಅಳತೆ ತೆಗೆದು ಹೊಲಿದ ಹಾಗಿತ್ತು, ಪ್ಯಾಂಟನ್ನೂ ಹಾಕಿಕೊಂಡೆ. ದೊಡ್ಡಪ್ಪನ ಮೂರನೇ ಮಾತು ಮಾತ್ರ ಮರೆತೆ.

ಲಾಂಡ್ರಿಯ ಹಿಂದೆ ಪಕ್ಕದ ಕಚೇರಿಯ ಗೋಡೆ, ಬಳ್ಳಿ ಹಬ್ಬಿದೆ, ಅದರ ಮುಂದೆ ನಿಂತು ಫೋನು ಹಿಡಿದರೆ ಚರಂಡಿ ಕಾಣುವುದಿಲ್ಲ. ಬೀಗರಾಗುವವರು ಒಳ್ಳೆಯವರೇ, ಎಷ್ಟು ಜನ ಇದಾರೆ ನಿಮ್ಮ ಕೈಕೆಳಗೆ ಎಂದು ಕೇಳಿದರು, ಇದಾರೆ ಒಂದಿಪ್ಪತ್ತು ಜನ ಎಂದೆ, ಆಗ ಸಾಹೇಬರು ಬಂದರು, ಮೂಲೆಯಿಂದ, ಮೂರೂವರೆ ಕಾಲಿನಲ್ಲಿ, ಹತ್ತಡಿ ದೂರದಲ್ಲೇ ನಿಂತು ಗುರ್ರೆಂದರು, ಗುರ್ರೆನ್ನದೆ ಏನು ಮಾಡಬೇಕು, ಬೆವರಿನ ವಾಸನೆಯವನು ಎಲ್ಲಿ, ಈ ನೀಲಿ ಸೂಟು ಯಾರು, ಬಟ್ಟೆ ತೊಳೆಯುವ ಮದ್ದಿನ ವಾಸನೆ, ವಕೀಲರ ವಾಸನೆ. ಅದೇನು ನಾಯಿ ಸದ್ದು, ಎಂದರು ಬೀಗರು. ಏನಿಲ್ಲ, ಏನಿಲ್ಲ, ಬೀದಿ ನಾಯಿ, ಎಂದೆ — ಕನ್ನಡದಲ್ಲಿ, ಸಾಹೇಬರಿಗೆ ತಿಳಿಯುವ ಭಾಷೆಯಲ್ಲಿ, ಅವರೆದುರಿಗೇ. ದನಿ ಕೇಳಿ ಸಾಹೇಬರ ಕಿವಿ ನೆಟ್ಟಗಾಯಿತು. ಹತ್ತಿರ ಬಂದರು, ಮೂಗು ಚಾಚಿ, ಹೌದೋ ಅಲ್ಲವೋ ಎಂದು, ಬಾಲದ ತುದಿ ಆಗತಾನೆ ಅಲ್ಲಾಡಲು ಶುರುವಾಗಿತ್ತು — ಇದನ್ನು ಯಾವ ಹಾಳೆಯಲ್ಲಿ ಬರೆಯಲಿ, ಯಾವ ಸಾಲಿನ ಮುಂದೆ ಗುರುತು ಹಾಕಲಿ — ಗುರುತು ಹಿಡಿದಿತ್ತು ಅದು, ನನ್ನನ್ನು, ಆ ಸೂಟಿನೊಳಗೂ, ಮತ್ತು ನಾನು ಫೋನಿನಿಂದ ಕಣ್ಣು ಕೀಳದೆ, ನಗುಮುಖ ಹಾಗೇ ಇಟ್ಟುಕೊಂಡು, ಒದ್ದೆ. ಅದೇ ಮುರಿದ ಕಾಲಿಗೆ ತಾಗಿತು. ಆಮೇಲೆ ಅದು ಕಚ್ಚಿತು. ಕಚ್ಚಿ ತಕ್ಷಣ ಬಿಟ್ಟಿತು, ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನನ್ನ ಮುಖ ನೋಡಿತು, ತಪ್ಪು ತನ್ನದೇ ಎನ್ನುವ ಹಾಗೆ. ಕಾಲುಚೀಲದೊಳಗೆ ಬಿಸಿಯಾಗಿ ರಕ್ತ ಇಳಿಯುತ್ತಿದೆ, ನಾನು ಹೇಳುತ್ತಿದ್ದೇನೆ, ನಮ್ಮ ಹುಡುಗಿ ಮನೆಗೆಲಸನೂ ಮಾಡ್ತಾಳೆ ಓದೋದ್ರಲ್ಲೂ ಮುಂದೆ, ನಿಮಗೆ ಯೋಚನೆಯೇ ಬೇಡ. ಸಂಬಂಧ ಕುದುರಿತು.

ಪ್ಯಾಂಟಿನಲ್ಲಿ ತೂತು, ಹೆಬ್ಬೆರಳು ತೂರುವಷ್ಟು. ಸೂಟು ಬಿಚ್ಚಿಟ್ಟು ನನ್ನ ಬನೀನು ಚಡ್ಡಿ ಹಾಕಿಕೊಂಡು ಕುಂಟುತ್ತಾ ಒಳಗೆ ಹೋದರೆ ನಿಜವಾದ ಮ್ಯಾನೇಜರು ಎದುರಿಗೇ ಸಿಕ್ಕ, ಏನಾಯ್ತು, ಎಂದ, ಆ ಒಂದು ಕ್ಷಣ ಸಿಕ್ಕಿತ್ತು, ಹಾಕ್ಕೊಂಡಿದ್ದೆ ಸಾರ್ ತಪ್ಪಾಯ್ತು ಎನ್ನಬಹುದಿತ್ತು, ಆದರೆ ನಾಲಿಗೆ ಬೇರೆ ಏನನ್ನೋ ಹುಡುಕಿ ತಂದಿತು, ವ್ಯಾನಿಗೆ ಹಾಕೋದಕ್ಕೆ ಸೂಟು ತಗೊಂಡು ಹೋಗ್ತಿದ್ದೆ, ನಾಯಿ ಹಾರಿ ಸೂಟಿಗೆ ಬಾಯಿ ಹಾಕ್ತು, ಬಿಡಿಸೋಕೆ ಹೋದೆ, ಕಾಲಿಗೆ ಕಚ್ತು. ಅವನ ಕಣ್ಣು ತುಂಬಿತು, ದೇವರಾಣೆ ತುಂಬಿತು. ಗಿರಾಕಿ ಬಟ್ಟೆಗೋಸ್ಕರ ಕಚ್ಚಿಸ್ಕೊಂಡವನು ಅಂತ ನನ್ನ ಫೋಟೋ ತೆಗೆಸಿ ಮುಂದಿನ ಕೌಂಟರಿನ ಗೋಡೆಗೆ ಹಾಕಿದ್ದಾನೆ, ದಿನವೂ ಅದರ ಕೆಳಗೆ ಹಾದು ಹೋಗಬೇಕು. ವಕೀಲರು ತಾವೇ ಬಂದು ಕೈ ಕುಲುಕಿದರು, ಈ ಸೂಟು ನಾನಿನ್ನು ಹಾಕೋದಿಲ್ಲ, ಇದು ನಿಮಗೇ ಸೇರಬೇಕಾದ್ದು, ಎಂದು ಅದನ್ನು ನನ್ನ ಕೈಗೇ ಕೊಟ್ಟು ಹೋದರು. ರೂಮಿನ ಮೊಳೆಯಲ್ಲಿ ತೂಗುತ್ತಿದೆ. ತೂತಿಗೆ ಕಣ್ಣಿಗೆ ಕಾಣದ ಹಾಗೆ ರಫೂ ಮಾಡಿದ್ದೇನೆ, ಮದುವೆಗೆ ಅದನ್ನೇ ಹಾಕ್ಕೊಂಡು ಬನ್ನಿ, ಅವತ್ತು ಎಷ್ಟು ಚೆನ್ನಾಗಿ ಕಾಣ್ತಿದ್ರಿ, ಎನ್ನುತ್ತಾಳೆ ಹೆಂಡತಿ. ಮಗಳು ಮಾತ್ರ, ಸಾಹೇಬರು ಎಲ್ಲಪ್ಪ, ತೋರ್ಸು, ಎನ್ನುತ್ತಾಳೆ, ಅಷ್ಟೇ. ಎಲ್ಲೋ ಸುತ್ತಾಡೋಕೆ ಹೋಗಿದಾರೆ ಕಣಮ್ಮ, ಎನ್ನುತ್ತೇನೆ.

ನಾಲ್ಕನೇ ದಿನ ನಾಯಿದೊಡ್ಡಿಯಿಂದ ಹಿಡಿಯುವವರು ಬಂದರು. ಮ್ಯಾನೇಜರೇ ದೂರು ಕೊಟ್ಟಿದ್ದ, ನನ್ನ ಮೇಲಿನ ಪ್ರೀತಿಗೆ. ಇಬ್ಬರು, ಉದ್ದ ಕೋಲು, ತುದಿಯಲ್ಲಿ ತಂತಿಯ ಕುಣಿಕೆ, ಒಂದು ಗಂಟೆ ಹಿಂಬದಿಯೆಲ್ಲ ಓಡಾಡಿದರೂ ಸಾಹೇಬರು ಸಿಗಲಿಲ್ಲ, ಡಬ್ಬಗಳ ಹಿಂದೆ ಹೋಗುವುದು, ವ್ಯಾನಿನ ಕೆಳಗೆ ತೂರುವುದು, ಮೂರೂವರೆ ಕಾಲಿಗೆ ಎಷ್ಟು ಚುರುಕು, ನಾನು ಹಬೆ ಇಸ್ತ್ರಿ ಹಿಡಿದೇ ಕಿಟಕಿಯಲ್ಲಿ ನೋಡುತ್ತ ಓಡಿ ಸಾಹೇಬರೇ ಓಡಿ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ, ಮನಸ್ಸಿನಲ್ಲಿ ಹೇಳಿದ್ದು ಯಾರಿಗೆ ಬೇಕು. ಮ್ಯಾನೇಜರು ಕೂಗಿದ, ಬಾರಯ್ಯ, ಇದೇ ನಾಯಿನಾ ಹೇಳು. ಹಿಂಬಾಗಿಲಿಗೆ ಬಂದೆ. ನನ್ನ ಬನೀನು, ನನ್ನ ಬೆವರು. ಸಾಹೇಬರು ವ್ಯಾನಿನ ಕೆಳಗಿಂದ ತಲೆ ಹೊರಗೆ ಹಾಕಿದರು. ಎದ್ದರು. ನೇರ ನನ್ನ ಕಡೆಗೇ ಬರತೊಡಗಿದರು, ಇಡೀ ಮೈಯೇ ಬಾಲದ ಜೊತೆ ಅಲ್ಲಾಡುತ್ತ, ಬಂದು ಕಾಲು ನೆಕ್ಕಿದರೆ ಮುಗಿಯಿತು ಕಥೆ, ಮ್ಯಾನೇಜರು ನಿಂತಿದ್ದಾನೆ, ಹಿಡಿಯುವವರು ನಿಂತಿದ್ದಾರೆ, ಇವನಿಗೂ ಇದಕ್ಕೂ ಇಷ್ಟು ಬಳಕೆಯಿದ್ದರೆ ಕಚ್ಚಿದ್ದು ಹೇಗೆ ಎನ್ನುತ್ತಾರೆ, ಬ್ರೆಡ್ಡಿನ ಅಂಚು ಹೊರಗೆ ಬರುತ್ತದೆ, ಸೂಟು ಹೊರಗೆ ಬರುತ್ತದೆ, ಕೆಲಸ ಹೋಗುತ್ತದೆ, ಬೀಗರು ಹೋಗುತ್ತಾರೆ, ಇನ್ನು ಐದು ಹೆಜ್ಜೆ, ನಾಲ್ಕು. ಗದರಿಸಬಹುದಿತ್ತು, ಕಲ್ಲು ಎತ್ತಿಕೊಳ್ಳಬಹುದಿತ್ತು, ಕಲ್ಲು ಎತ್ತಿದರೆ ಓಡುವುದು ಯಾವ ನಾಯಿಗೂ ಕಲಿಸಬೇಕಾಗಿಲ್ಲ, ಅಷ್ಟು ಉಪಕಾರವನ್ನೂ ಮಾಡಲಿಲ್ಲ ನಾನು. ಮೆಲ್ಲಗೆ, ಯಾರಿಗೂ ಕೇಳದಷ್ಟು ಮೆಲ್ಲಗೆ, ಕೂತ್ಕೊಳ್ಳಿ ಸಾಹೇಬರೇ, ಎಂದೆ.

ಜಾಲರಿಯ ಮೇಲೆ ಕೂತರು. ಕಾಲೆತ್ತಿ. ಕುಣಿಕೆ ಹಿಂದಿನಿಂದ ಬಂತು, ಕತ್ತಿಗೆ ಬಿದ್ದಾಗಲೂ ಏಳಲಿಲ್ಲ, ಎದ್ದೇಳಿ ಎಂದು ನಾನು ಹೇಳಿರಲಿಲ್ಲವಲ್ಲ. ಅರೆ, ಎಷ್ಟು ಸುಲಭ ಆಯ್ತು ನೋಡು, ಎಂದ ಕೋಲಿನವನು.

ಹತ್ತಿ ಉಜ್ಜಿದ ಜಾಗ ಒಣಗಿಹೋಯಿತು. ಚಪ್ಪಲಿಯ ಸದ್ದು, ನರ್ಸಮ್ಮ ಬಂದರು, ನಗುತ್ತಿದ್ದಾರೆ, ಒಳ್ಳೇ ಸುದ್ದಿ, ಹಿಡಿದು ಹತ್ತು ದಿನ ಆಯ್ತಂತೆ, ನಾಯಿ ಗಟ್ಟಿಮುಟ್ಟಾಗಿದೆಯಂತೆ, ಏನೂ ರೋಗ ಇಲ್ವಂತೆ, ನಿಮಗೆ ಈ ಸೂಜಿ ಬೇಡ ಅಂದ್ರು ಡಾಕ್ಟ್ರು, ತೋಳು ಇಳಿಸ್ಕೊಳ್ಳಿ. ಇಳಿಸಿಕೊಂಡೆ. ಮತ್ತೆ ಆ ನಾಯಿ, ಎಂದೆ, ನನ್ನ ದನಿ ನನಗೇ ಯಾರದೋ ಎನಿಸಿತು. ಇವತ್ತು ನಾಲ್ಕರವರೆಗೆ ಇಟ್ಕೊಂಡಿರ್ತಾರೆ, ಯಾರಾದ್ರೂ ನಂದು ಅಂತ ಬಂದು ಸಹಿ ಹಾಕಿದ್ರೆ ಕೊಡ್ತಾರೆ, ಇಲ್ಲಾಂದ್ರೆ ಕಚ್ಚಿದ ನಾಯಿ ಅಲ್ವಾ, ಬಿಡೋ ಹಾಗಿಲ್ಲ, ಅದಕ್ಕೂ ಒಂದು ಸೂಜಿ, ಅಷ್ಟೇ, ನೋವಾಗಲ್ಲ, ಎನ್ನುತ್ತ ನನಗೆಂದು ತೆಗೆದಿಟ್ಟಿದ್ದ ಸೂಜಿಯನ್ನು ತಟ್ಟೆಯಿಂದ ಎತ್ತಿಟ್ಟರು. ಆಮೇಲೆ ನೆನಪಾದವರಂತೆ ತಿರುಗಿದರು, ಒಂದು ವಿಚಿತ್ರ ಅಂತ ಹೇಳ್ತಿದ್ರು, ಯಾರು ಬಾಗಿಲು ತೆಗೆದ್ರೂ ಓಡಿ ಬಂದು ಮುಂದೆ ಕೂತ್ಕೊಳ್ಳುತ್ತಂತೆ, ಒಂದು ಕಾಲು ಎತ್ಕೊಂಡು, ಯಾರೋ ಕಲಿಸಿರ್ಬೇಕು, ಸಾಕಿದವರು ಯಾರಾದ್ರೂ ಇದಾರಾ ಅಂತ ಕೇಳ್ತಿದ್ರು, ನಿಮಗೇನಾದ್ರೂ ಗೊತ್ತಾ?

ಗಡಿಯಾರದಲ್ಲಿ ಮೂರು ಇಪ್ಪತ್ತು. ನಾಯಿದೊಡ್ಡಿ ಇಲ್ಲಿಂದ ಬಸ್ಸಿನಲ್ಲಿ ಮೂರೇ ಸ್ಟಾಪು, ನಡೆದರೂ ಅರ್ಧ ಗಂಟೆ, ಕುಂಟುತ್ತ ಹೋದರೂ ನಾಲ್ಕರೊಳಗೆ ಮುಟ್ಟಬಹುದು. ಗೊತ್ತಿಲ್ಲ, ಎಂದೆ, ಬೀದಿ ನಾಯಿ. ಅದೇ ಎರಡು ಮಾತು, ಈ ಸಲ ಅವರ ಭಾಷೆಯಲ್ಲಿ, ಒಂದಕ್ಷರವೂ ತಪ್ಪದೆ ಬಂತು. ನೀವು ಮನೆಗೆ ಹೋಗ್ಬಹುದು, ಎಂದರು ನರ್ಸಮ್ಮ. ಹೋಗಬಹುದು. ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳುತ್ತೇನೆ, ಬಿಚ್ಚುತ್ತೇನೆ, ಹಾಕಿಕೊಳ್ಳುತ್ತೇನೆ, ಮೂರು ಇಪ್ಪತ್ತೈದು, ಈಗ ಎದ್ದರೆ ಸಿಗುತ್ತದೆ ಬಸ್ಸು, ಈಗ, ಕಾಲು ಏಳುವುದಿಲ್ಲ, ಹೊರಗೆ ಬಸ್ಸು ಬಂದ ಸದ್ದು, ಹೋದ ಸದ್ದು, ಅಲ್ಲಿ ಯಾರೋ ಬಾಗಿಲು ತೆಗೆಯುತ್ತಾರೆ, ಓಡಿ ಬರುತ್ತದೆ, ಬಾಗಿಲಲ್ಲಿ ಯಾರಿದ್ದಾರೆ ಎಂದು ಮೂಗು ಚಾಚುತ್ತದೆ, ಕೂರುತ್ತದೆ, ಒಂದು ಕಾಲು ಎದೆಯ ಮುಂದೆ, ಕೂತ್ಕೊಳ್ಳಿ ಸಾಹೇಬರೇ ಎಂದಿದ್ದೆ, ಕೂತರು, ಕಾಲೆತ್ತಿಕೊಂಡು, ನನ್ನನ್ನೇ ನೋಡುತ್ತ, ಕೂತೇ ಇದ್ದಾರೆ.