ಕಟ್, ಕಟ್, ಕಟ್

ಮಾನ್ವಿಯ ಶಾಲೆಯಲ್ಲಿ ಎಂಟನೇ ತರಗತಿಗೇ ಪಾಟಿಚೀಲ ಎಸೆದು ಬಂದವನು ನಾನು. ಆದರೂ ಇಂಗ್ಲಿಷ್ ಕ್ರಿಯಾಪದದ ಮೂರು ರೂಪಗಳು ಮಗ್ಗಿಯಂತೆ ಬಾಯಿಗೆ ಬರುತ್ತವೆ. ಗೋ, ವೆಂಟ್, ಗಾನ್. ಕಟ್, ಕಟ್, ಕಟ್. ಈ ಕಟ್ ಎಂಬ ದರಿದ್ರ ಪದ ಮಾತ್ರ ಯಾವ ಕಾಲಕ್ಕೂ ಬದಲಾಗುವುದಿಲ್ಲ. ಕಡಿ ಎಂದರೂ ಅದೇ, ಕಡಿದಾಯಿತು ಎಂದರೂ ಅದೇ. ಅದರ ಮರೆಯಲ್ಲಿ ನಿಂತೇ ದುರುಗೇಶಣ್ಣನ ಬಲಗೈ ತಿಂದರು.

ದೇವದುರ್ಗದ ದುರುಗೇಶಣ್ಣನೂ ನಾನೂ ಒಬ್ಬ ಗುತ್ತಿಗೆದಾರನ ಕೆಳಗೆ ಕರೆಂಟಿನ ಲೈನ್ ಕೆಲಸಕ್ಕಿದ್ದೆವು. ಕಂಬ ಹತ್ತುವ ಮೊದಲು ಲೈನ್ ಬಂದ್ ಆಗಿದೆ ಎಂದು ಚೀಟಿ ಕೊಡಬೇಕು. ನಮಗೆಲ್ಲಿಯ ಚೀಟಿ? ಸೂಪರ್‌ವೈಸರ್ ಜಂಬಣ್ಣ ಗ್ರೂಪಿಗೆ ಹಾಕುವ ಮೆಸೇಜೇ ಚೀಟಿ. ಲೈನ್ ಬಂದ್ ಮಾಡುವ ಆಪರೇಟರ್ ಸಾಹೇಬರೂ ಅದೇ ಗ್ರೂಪಿನಲ್ಲಿದ್ದರು. ಆ ದಿನ ಇಂಗ್ಲಿಷ್ ಅಕ್ಷರದಲ್ಲಿ ಬಂತು: ‘ಪೋತ್ನಾಳ ಲೈನ್ ಕಟ್’. ಅಣ್ಣ ನನಗೂ ತೋರಿಸಿ ಕಂಬ ಹತ್ತಿದ. ತಂತಿಯಲ್ಲಿ ಕರೆಂಟು ಹಾಗೇ ಇತ್ತು.

ಹದಿನೈದು ದಿನಕ್ಕೆ ರಾಯಚೂರಿನ ಕರೆಂಟ್ ಆಫೀಸಿನಲ್ಲಿ ದೊಡ್ಡ ಸಾಹೇಬರ ಮುಂದೆ ವಿಚಾರಣೆ. ಅಣ್ಣ ಇನ್ನೂ ದವಾಖಾನೆಯಲ್ಲಿ. ತಪ್ಪೆಲ್ಲ ಅವನದೇ ಎಂದು ಕಾಗದ ಆಗಲೇ ಟೈಪಾಗಿತ್ತು. ಸಾಕ್ಷಿಯಾಗಿ ನಾನು ಸಹಿ ಹಾಕಿದರೆ ಮುಗಿಯಿತು.

“ನಾ ಆಪರೇಟರಿಗೆ ಕಟ್ ಮಾಡು ಅಂತ ಹಾಕಿದ್ದೆರೀ ಸಾಹೇಬ್ರ,” ಅಂದ ಜಂಬಣ್ಣ. “ಈ ದುರುಗ್ಯಾ ಕಟ್ ಆಗ್ಯಾದ ಅಂತ ತಿಳಕೊಂಡು ಮಂಗ್ಯಾನಂಗ ಹತ್ಯಾನ.”

ಸಾಹೇಬರು ನನ್ನ ಕಡೆ ತಿರುಗಿದರು. “ಇಂಗ್ಲಿಷ್ ತಿಳಿಲಿಲ್ಲಂದ್ರ ಕೇಳಬೇಕಿತ್ತಲೋ ತಮ್ಮಾ. ಹಾಕು ಸಹಿ.”

ನನ್ನ ಮೈಯೆಲ್ಲ ಉರಿಯಿತು.

“ಕಟ್ ಮಾಡು ಅಂತ ಯಾರಿಗಂದಿ, ಜಂಬಣ್ಣ?”

“ಆಪರೇಟರಿಗಲೇ! ಕಿವುಡದೀಯೇನು?”

“ಅವ್ರಿಗೆ ‘ಮಾಡು’ ಅಂತಿಯೇನು ನೀ? ಅವ್ರ ಚಪ್ಪಲಿ ಕಂಡ್ರೂ ಸರ್ ಸರ್ ಅಂತೀದಿ!”

ಗುಮಾಸ್ತ ಕಿಸಕ್ಕನೆ ನಕ್ಕ. ನಾನು ಮೊಬೈಲ್ ತೆಗೆದು ಸಾಹೇಬರ ಮುಂದೆ ಹಿಡಿದೆ.

“ಮೂರು ತಿಂಗಳದ್ದು ನೋಡ್ರಿ. ಆಪರೇಟರಿಗೆ ಹೇಳೋದಿದ್ರ ‘ಕಟ್ ಪ್ಲೀಸ್ ಸರ್’, ಮ್ಯಾಲೆ ಕೈ ಮುಗಿಯೋ ಚಿತ್ರ. ಕಟ್ ಆದಮ್ಯಾಲೆ ನಮಗ ಹೇಳೋದಿದ್ರ ಬರೇ ‘ಲೈನ್ ಕಟ್’. ಅವತ್ತಿಂದು ನೋಡ್ರಿ. ಸರ್ ಎಲ್ಲಿ ಅದ? ಚಿತ್ರ ಎಲ್ಲಿ ಅದ? ಅವತ್ತು ಆಪರೇಟರಿಗೆ ಕೇಳೇ ಇಲ್ರಿ ಇಂವ. ಕೇಳದನ ನಮಗ ಆಗ್ಯಾದ ಅಂತ ಹಾಕ್ಯಾನ!”

ಸಾಹೇಬರು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದರು.

“ಅವಸರದಾಗ ಸರ್ ಬಿಟ್ಟಿರಬೇಕ್ರಿ…” ಅಂದ ಜಂಬಣ್ಣ.

“ಮೂರು ತಿಂಗಳದಾಗ ಅದೊಂದಿನಾ ಬಿಟ್ಟೀಯೇನಲೇ?” ಅಂದೆ ನಾನು.

“ಆತು, ಆತು,” ಅಂದರು ಸಾಹೇಬರು. “ಇಂಗ್ಲಿಷಿನಾಗ ಬ್ಯಾರೆ ಟೈಪ್ ಮಾಡಸ್ತೀನಿ.”

“ಇಂಗ್ಲಿಷ್ ಬ್ಯಾಡ್ರಿ.”

ಗುಮಾಸ್ತನ ಮುಂದಿದ್ದ ಖಾಲಿ ಹಾಳೆ ಎಳೆದುಕೊಂಡೆ. ಕನ್ನಡದ ಕ್ರಿಯಾಪದಕ್ಕೆ ಬಾಲವಿರುತ್ತದೆ. ಯಾರು, ಯಾವಾಗ, ಎಲ್ಲ ಆ ಬಾಲದಲ್ಲೇ ಸಿಕ್ಕಿಬೀಳುತ್ತದೆ. ಒತ್ತಿ ಬರೆದೆ: ‘ಜಂಬಣ್ಣನು ಲೈನ್ ಕಡಿಸಿರಲಿಲ್ಲ. ಕಡಿಸಿದ್ದೇನೆ ಎಂದು ತಿಳಿಸಿದನು. ದುರುಗೇಶನು ನಂಬಿ ಹತ್ತಿದನು.’ ಕೆಳಗೆ ಸಹಿ ಹಾಕಿದೆ.

“ಸಿಕ್ಕಾ ಹೊಡೆದು ನನಗೊಂದು ನಕಲು ಕೊಡ್ರಿ. ಅಲ್ಲೀತನಕ ಏಳಂಗಿಲ್ಲ.”

ಗುಮಾಸ್ತ ಸಾಹೇಬರ ಮುಖ ನೋಡಿದ. ಸಾಹೇಬರು ಯಾರ ಮುಖವನ್ನೂ ನೋಡದೆ ಮೊಹರಿನ ಡಬ್ಬಿಯನ್ನು ತಾವೇ ಎಳೆದುಕೊಂಡರು.