ಫ್ಲೂ ರಜೆ

ವಿಚ್ಛೇದನದ ಕೋರ್ಟ್ ಕಾಗದದಲ್ಲಿ ಮಗಳ ಬೇಸಿಗೆ ರಜೆ, ಈಸ್ಟರ್, ಹೊಸ ವರ್ಷ ಎಲ್ಲವೂ ತಾಯಿಯ ಪಾಲಾಗಿದ್ದವು. ಡಾಕ್ಟರ್ ಲ್ಯುಬೆನ್ ಆಗ ಕುಡಿಯುತ್ತಿದ್ದ, ತಕರಾರು ಮಾಡುವ ಮುಖವಿರಲಿಲ್ಲ. ವಕೀಲರು ಮರೆತದ್ದು ಫ್ಲೂ ರಜೆಯೊಂದನ್ನೇ. ಪ್ರತಿ ಚಳಿಗಾಲ ಮಕ್ಕಳು ಸಾಲಾಗಿ ಜ್ವರ ಹಿಡಿದು ಮಲಗಿದಾಗ ಶಾಲೆಗಳನ್ನು ಮುಚ್ಚುತ್ತಾರಲ್ಲ, ಆ ಒಂದು ವಾರ.

"ಹಾಳಾಗಿ ಹೋಗ್ಲಿ, ಅದು ನಿಂದು," ಎಂದಿದ್ದಳು ಬಿಟ್ಟುಹೋದ ಹೆಂಡತಿ ಸ್ನೆಜಾನಾ.

ಹಾಗೆ ಮಗಳು ಬಿಲ್ಯಾನಾ ವರ್ಷಕ್ಕೊಮ್ಮೆ ಲೋಮ್‌ನಲ್ಲಿ ಬಸ್ಸು ಹತ್ತಿ ವಿದಿನ್‌ಗೆ, ಅಪ್ಪನ ಬಳಿ ಬರುತ್ತಿದ್ದಳು. ಅವಳಿಗಾಗಿ ಅವನು ಕುಡಿತವನ್ನೂ ಬಿಟ್ಟ.

ಆಮೇಲೆ ಕೊರೊನಾ ಬಂತು. ಬಾಯಿಗೆ ಮಾಸ್ಕು, ಮನೆಗೆ ಬೀಗ, ಶಾಲೆ ಫೋನಿನೊಳಗೆ. ಕೊರೊನಾಕ್ಕೆಂದು ಹಾಕಿದ ಬೇಲಿ ಫ್ಲೂವನ್ನೂ ಹೊರಗಿಟ್ಟಿತು. ಲ್ಯುಬೆನ್ ಆರೋಗ್ಯ ಇಲಾಖೆಗೆ ವಾರವಾರ ಕಳಿಸುವ ವರದಿಯಲ್ಲಿ ಫ್ಲೂ ಎಂದು ಬರೆದ ಸಾಲಿನಲ್ಲೆಲ್ಲ ಸೊನ್ನೆ; ಫ್ಲೂ ಇಲ್ಲದ ಮೇಲೆ ಫ್ಲೂ ರಜೆಯೂ ಇಲ್ಲ.

"ಫ್ಲೂ ಇಲ್ಲ ಅಂತ ಮುಖ ಊದಿಸ್ಕೊಂಡಿರೋ ಡಾಕ್ಟ್ರನ್ನ ಇಲ್ಲೇ ನೋಡಿದ್ದು ನಾನು!" ಎಂದು ನರ್ಸ್ ದೊಂಕಾ ಕಾಲೆಳೆಯುತ್ತಿದ್ದಳು.

ದಾನ್ಯೂಬ್ ನದಿಯ ಮಂಜು ಕಿಟಕಿಗೆ ಒರಗಿದ ಮಧ್ಯಾಹ್ನಗಳಲ್ಲಿ ಅವನಿಗೆ ಕುರ್ಚಿಯಲ್ಲೇ ಮಂಪರು ಹತ್ತುತ್ತಿತ್ತು. ಕನಸಿನಲ್ಲಿ ಫ್ಲೂ ಹಳೆಯ ಕೋಟು ತೊಟ್ಟು ದೋಣಿಯಿಂದ ಇಳಿಯುತ್ತಿತ್ತು. ದಡದಲ್ಲಿದ್ದವರು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಮನೆಮನೆಯ ಬಾಗಿಲು ತಟ್ಟಿ, ಮೂಗು ಒರೆಸಿಕೊಂಡು, ಅದು ಮತ್ತೆ ಮಂಜಿನೊಳಗೆ ನಡೆದುಬಿಡುತ್ತಿತ್ತು.

"ಒಂದೇ ಒಂದು ವಾರ ಇದ್ದು ಹೋಗೋ ಮಾರಾಯ!" ಎಂದು ಲ್ಯುಬೆನ್ ಕೂಗುತ್ತಿದ್ದ. ಎಚ್ಚರವಾದಾಗ ಅವನಿಗೆ ನಾಚಿಕೆಯಾಗುತ್ತಿತ್ತು. ಡಾಕ್ಟರಾದವನು ಬೇಡಿಕೊಳ್ಳುವಂಥದ್ದೇ ಅದು?

ಎರಡು ಚಳಿಗಾಲ ಮಗಳಿಲ್ಲದೆ ಕಳೆದವು. ಮೂರನೆಯದರಲ್ಲಿ ಮಾಸ್ಕುಗಳು ಕಳಚಿದವು. ಅಷ್ಟು ದಿನ ಫ್ಲೂ ಕಾಣದ ಮೈಗಳಿಗೆ ಅದನ್ನು ತಡೆಯುವ ರೂಢಿಯೇ ತಪ್ಪಿತ್ತು. ತರಗತಿಗಳು ಖಾಲಿಯಾದವು, ರಜೆ ಸಾರಿದರು. ಲ್ಯುಬೆನ್ ಒಂದು ಗಂಟೆ ಮೊದಲೇ ನಿಲ್ದಾಣಕ್ಕೆ ಹೋಗಿ ನಿಂತ.

ಬಸ್ಸಿನಿಂದ ಬಿಲ್ಯಾನಾ ಇಳಿಯಲಿಲ್ಲ. ಸ್ನೆಜಾನಾಳ ಫೋನ್ ಬಂತು.

"ಮೂವತ್ತೊಂಬತ್ತೂವರೆ ಡಿಗ್ರಿ, ಮೈ ಸುಡೋ ಜ್ವರ ಅವಳಿಗೆ. ಮೂರು ದಿನದಿಂದ ಇಳೀತಿಲ್ಲ." ಆಮೇಲೆ ಅವಳೇ ಹೇಳಿದಳು, "ನೀನೇ ಬಾ."

ಅದೇ ಬಸ್ಸಿನಲ್ಲಿ ಅವನು ಲೋಮ್‌ಗೆ ಹೋದ. ಮಂಚದ ತುದಿ ಮುಟ್ಟುವಷ್ಟು ಮಗಳು ಉದ್ದವಾಗಿದ್ದಳು. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ. ಶ್ವಾಸಕೋಶ ಚೊಕ್ಕವಾಗಿತ್ತು.

"ಅಪ್ಪಾ, ಅಮ್ಮಂಗೆ ಹೇಳ್ಬೇಡ," ಎಂದು ಬಿಲ್ಯಾನಾ ಪಿಸುಗುಟ್ಟಿದಳು. "ಫ್ಲೂ ಬರ್ಲಿ, ಫ್ಲೂ ಬರ್ಲಿ ಅಂತ ನಾನು ದಿನಾ ಕೇಳ್ಕೊತಿದ್ದೆ. ಊರಿಗೆಲ್ಲಾ ನನ್ನಿಂದ್ಲೇ ಬಂತೇನೋ."

ಲ್ಯುಬೆನ್ ಅವಳ ಹೊದಿಕೆಯನ್ನು ಕತ್ತಿನವರೆಗೆ ಎಳೆದ.

"ನೀನೊಬ್ಳೇ ಅಲ್ಲ ಕಣೇ," ಎಂದ.